ಏಡ್ ಕೇಳಿದ್ರೆ ಸೀಟ್ ಕೊಡಲ್ವಾ ಮೇಡಂ?

ಹೋದ ಸೆಪ್ಟೆಂಬರಲ್ಲಿ ತಿಪಟೂರು ಕಡೆಯಿಂದ ಅಪ್ಪ ಮಗ ಅಮೆರಿಕದ ಕಾಲೇಜಿನ ವಿಷಯಕ್ಕೆ ಸಲಹೆ ಕೇಳೋಕೆ ನನ್ನ ಹತ್ರ ಬಂದಿದ್ರು (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ). ಹುಡುಗ ಸೆಕೆಂಡ್ ಪಿಯು, ಗಣಿತ ಅಂದ್ರೆ ಪ್ರಾಣ. ಮನೆಗೆ ಆಧಾರ ನಾಲ್ಕು ಎಕರೆ ತೆಂಗಿನ ತೋಟ, ಅಷ್ಟೇ. ಯಾರೋ ಏಜೆಂಟ್ ಹೇಳಿದ್ರಂತೆ, ಅಮೆರಿಕದ ಕಾಲೇಜಿನ ಫಾರ್ಮಲ್ಲಿ ಏಡ್ (ಫೀಸಿಗೆ, ಖರ್ಚಿಗೆ ಕಾಲೇಜೇ ಕೊಡೋ ಹಣಸಹಾಯ) ಬೇಕಾ ಅಂತ ಕೇಳೋ ಕಡೆ 'ಬೇಡ' ಅಂತ ಹಾಕು, ಸೀಟ್ ಸಿಕ್ಕಿದ್ಮೇಲೆ ಕೇಳಿದ್ರಾಯ್ತು, ಇಲ್ಲಾಂದ್ರೆ ಪಾರ್ಟ್‌ಟೈಮ್ ಮಾಡ್ಕೊಂಡು ಓದಬಹುದು ಅಂತ.

ಇದರಲ್ಲಿ ಒಂದು ಎಳೆ ನಿಜ ಇದೆ, ಅದಕ್ಕೇ ಜನ ನಂಬ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಥರದ ಕೆಲವೇ ಕಾಲೇಜುಗಳು ಹೊರದೇಶದ ಮಕ್ಕಳಿಗೂ ನೀಡ್ ಬ್ಲೈಂಡ್, ಅಂದ್ರೆ ಸೀಟ್ ಕೊಡೋವಾಗ ದುಡ್ಡಿನ ವಿಷಯ ನೋಡಲ್ಲ. ಸ್ಟ್ಯಾನ್‌ಫರ್ಡ್ ಸೇರಿ ಮಿಕ್ಕ ಬಹುಪಾಲು ಕಡೆ ನೋಡ್ತಾರೆ, ಏಡ್ ಕೇಳಿದ್ರೆ ಸೀಟ್ ಸಿಗೋದು ಕಷ್ಟ ಆಗಬಹುದು. ಆದ್ರೆ ಅಂಥ ಎಷ್ಟೋ ಕಾಲೇಜಲ್ಲಿ ಅಪ್ಲೈ ಮಾಡೋವಾಗ ಕೇಳದೆ ಇದ್ರೆ ಆಮೇಲೆ ನಾಲ್ಕು ವರ್ಷವೂ ಕೇಳಂಗಿಲ್ಲ. ಖಾಸಗಿ ಕಾಲೇಜಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟೋದು ಈಗ ಮಾಮೂಲು, ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸ್ ನಡೆಯೋವಾಗ ವಾರಕ್ಕೆ 20 ಗಂಟೆ, ಅದೂ ಸಾಮಾನ್ಯವಾಗಿ ಕ್ಯಾಂಪಸ್ ಒಳಗೇ ಕೆಲಸ, ಅದರಲ್ಲಿ ಫೀಸ್ ಹುಟ್ಟಲ್ಲ ಕಣಪ್ಪ ಅಂದೆ. ಹುಡುಗನ ಮುಖ ಸಣ್ಣಗಾಯ್ತು.

ಅಪ್ಪ ತಕ್ಷಣ, "ತೋಟ ಒತ್ತೆ ಇಡ್ತೀನಿ ಮೇಡಂ" ಅಂದ್ರು. ನಾಲ್ಕು ವರ್ಷಕ್ಕೆ ಎರಡೂವರೆ ಕೋಟಿ ಮೇಲಾಗುತ್ತೆ ಯಜಮಾನ್ರೇ, ಆ ಮಾತು ಬೇಡ, ಸಾಲ ಮಾಡದೆ ವರ್ಷಕ್ಕೆ ಎಷ್ಟು ಕೊಡೋಕಾಗುತ್ತೆ ಅದು ಹೇಳಿ ಅಂದೆ. ತುಂಬ ಹೊತ್ತು ಸುಮ್ಮನಿದ್ದು ಒಂದೂವರೆ ಲಕ್ಷ ಅಂದ್ರು. ಮನೆ ಲೆಕ್ಕ ಆ ಹುಡುಗ ಕೇಳಿದ್ದೇ ಅವತ್ತು ಮೊದಲು.

ಏಡ್ ಫಾರ್ಮಲ್ಲಿ ಆ ಒಂದೂವರೆ ಲಕ್ಷವನ್ನೇ ಬರೀಬೇಕು, ಮರ್ಯಾದೆಗೆ ಅಂತ ಐದು ಲಕ್ಷ ಬರೆದ್ರೆ ಆ ಐದನ್ನ ಕೊಡಲೇಬೇಕಾಗುತ್ತೆ ಅಂತ ಬಿಡಿಸಿ ಹೇಳಿದೆ.

ಕಷ್ಟ ಆಗಿದ್ದು ಕಾಗದಪತ್ರದಲ್ಲಿ. ಬೇಸಾಯದ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ಐಟಿ ರಿಟರ್ನ್ ಹಾಕಿಲ್ಲ, ಕೈಲಿದ್ದ ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 40 ಸಾವಿರ ಅಂತಿದೆ, ನಿಜವಾಗಿ ಬರೋದು ಅದರ ಹತ್ತರಷ್ಟು. ಅದನ್ನೇ ಹಾಕಿಬಿಡೋಣ ಅಂದ್ರು, ನಾನು ಒಪ್ಪಲಿಲ್ಲ. ಕೊಬ್ಬರಿ ಮಾರಿದ ಬಿಲ್ಲು, ಪಾಸ್‌ಬುಕ್, ಪಹಣಿ ಎಲ್ಲ ಜೋಡಿಸಿ ನಿಜವಾದ ಮೊತ್ತ ಬರೀರಿ, ಸಿಎಸ್‌ಎಸ್ ಪ್ರೊಫೈಲ್ ಅಂತ ಏಡಿಗೆ ಮನೆ ಹಣಕಾಸಿನ ವಿವರ ತುಂಬೋ ಆನ್‌ಲೈನ್ ಫಾರ್ಮಲ್ಲಿ ವಿಶೇಷ ಪರಿಸ್ಥಿತಿ ವಿವರಿಸೋಕೆ ಜಾಗ ಇರುತ್ತೆ, ತೋಟದ ಬೆಲೆ ಕಾಗದದಲ್ಲಿ ದೊಡ್ಡದಾಗಿ ಕಂಡ್ರೂ ಅದನ್ನ ಮಾರಿದ್ರೆ ಮನೆಗೆ ಅನ್ನ ಇಲ್ಲ ಅಂತ ಅಲ್ಲಿ ಸರಳವಾಗಿ ಬರಿ ಅಂತ ಹುಡುಗನಿಗೆ ಹೇಳಿದೆ. ಆ ಫಾರ್ಮಿಗೂ ಒಂದೊಂದು ಕಾಲೇಜಿಗೆ ಫೀಸ್ ಇದೆ, ಏಡ್ ಆಫೀಸಿಗೆ ಮೇಲ್ ಹಾಕಿ ಮನ್ನಾ ಕೇಳು ಅಂದೆ. ಎರಡು ಕಡೆ ಒಪ್ಪಿದ್ರು.

ನೀಡ್ ಬ್ಲೈಂಡ್ ಇರೋದು ಮೂರು, ಪೂರ್ತಿ ಏಡ್ ಕೊಡೋ ಚಿಕ್ಕ ಲಿಬರಲ್ ಆರ್ಟ್ಸ್ (ಗಣಿತ, ವಿಜ್ಞಾನ, ಕಲೆ ಎಲ್ಲ ಇರೋ ಡಿಗ್ರಿ) ಕಾಲೇಜು ಐದು ಅಂತ ಪಟ್ಟಿ ಮಾಡ್ಕೊಂಡ್ವಿ. ಎಂಟೂ ಕಡೆ 'ಏಡ್ ಬೇಕು' ಅಂತಲೇ ಹಾಕಿ ಜನವರಿ ಮೊದಲ ವಾರದೊಳಗೆ ಕಳಿಸಿದಾನೆ. ಮಾರ್ಚ್ ಕೊನೆಗೆ ಉತ್ತರ ಬರುತ್ತೆ. ಸಿಇಟಿ ಮಾತ್ರ ಬಿಡಬೇಡ ಅಂತ ಹಟ ಹಿಡಿದೆ, ಅದಕ್ಕೂ ಓದ್ತಿದಾನೆ.