ಟೆಕ್ಸಾಸಿನ ಏಲಮಿನಲ್ಲಿ ಕೊಂಡ ರಿವಾಲ್ವರ್ ಪೆರ್ಲಕ್ಕೆ ಬಂದೀತೇ?

ಪ್ರಶ್ನೆ: ಮಾನ್ಯರೇ, ನನ್ನ ತಮ್ಮನ ಮಗ ಅಮೆರಿಕದ ಡಲ್ಲಾಸ್‌ನಲ್ಲಿ ನಾಲ್ಕು ವರ್ಷಗಳಿಂದ ಉದ್ಯೋಗದಲ್ಲಿದ್ದಾನೆ. ಅಲ್ಲಿಗೆ ಸಮೀಪದ ಬೆಡ್‌ಫರ್ಡ್‌ನಲ್ಲಿ ಹಳೆಯ ಬಂದೂಕುಗಳ ದೊಡ್ಡ ಏಲಂ ನಡೆಯುತ್ತದೆಂದು ತಿಳಿಸಿ, ನನ್ನ ಬಹುಕಾಲದ ಆಸೆಯನ್ನು ಬಲ್ಲವನಾದುದರಿಂದ, ಕೋಲ್ಟ್ ಅಥವಾ ವೆಬ್ಲಿ ರಿವಾಲ್ವರ್ ಒಂದನ್ನು ನನಗಾಗಿ ಹಿಡಿಯಲೇ ಎಂದು ಕೇಳಿದ್ದಾನೆ. ಹಣ ನಾನು ಕಳುಹಿಸುವವನಿದ್ದೇನೆ. ನಮ್ಮ ಮನೆಯಲ್ಲಿ ತಂದೆಯ ಕಾಲದ ಜೋಡುನಳಿಗೆ ಕೋವಿ ಲೈಸನ್ಸ್ ಸಹಿತ ಇದೆ. ರಿವಾಲ್ವರ್ ಸಂಗ್ರಹಕ್ಕೆ ಮಾತ್ರ, ಗುಂಡು ಹಾರಿಸುವ ಉದ್ದೇಶವಿಲ್ಲ. ಏಲಮಿನಲ್ಲಿ ಏನೇನು ನೋಡಿಕೊಳ್ಳಬೇಕು, ಊರಿಗೆ ತರುವುದು ಹೇಗೆ?
– ಓರ್ವ ಕೃಷಿಕ ಓದುಗರು, ಪೆರ್ಲ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಒಳ್ಳೆಯದು, ಏಕೆಂದರೆ ಅದು ತಿಳಿಯದೆ ಮೊದಲನೆಯದಕ್ಕೆ ಕೈಹಾಕಿದರೆ ಹಣವೂ ಹೋಗಿ ಹುಡುಗನೂ ತೊಂದರೆಗೆ ಸಿಲುಕಿಯಾನು. ರಿವಾಲ್ವರನ್ನು ಊರಿಗೆ ತರುವ ಯೋಚನೆಯನ್ನು ಬಿಟ್ಟುಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ವಿದೇಶದಿಂದ ಬಂದೂಕು ತರುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಆಮದು ನೀತಿಯಾದರೋ ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಂಥ ಕೆಲವರಿಗಷ್ಟೇ ಬಾಗಿಲು ತೆರೆದಿಟ್ಟಿದೆ. ಮನೆಯ ಕೋವಿಯ ಲೈಸನ್ಸನ್ನು ತೋರಿಸಿ ವಿಮಾನ ನಿಲ್ದಾಣದಲ್ಲಿ ರಿವಾಲ್ವರನ್ನು ಬಿಡಿಸಿಕೊಳ್ಳಬಹುದೆಂಬ ಎಣಿಕೆ ಬೇಡ, ಆ ಲೈಸನ್ಸ್ ಇರುವುದು ಆ ಕೋವಿಗೆ ಮಾತ್ರ. 2019ರ ತಿದ್ದುಪಡಿಯ ಬಳಿಕ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆಯಾದರೂ ನಿಮಗೆ ಲೆಕ್ಕದಲ್ಲಿ ಇನ್ನೊಂದಕ್ಕೆ ಜಾಗವಿದೆ, ನಿಜ. ಆದರೆ ವೆಬ್ಲಿಯ ಹೆಸರಾಂತ ಮಾದರಿಗಳು .455 ತೋಟೆಯವು (ಈ ಅಂಕೆ ಇಂಚಿನಲ್ಲಿ ಹೇಳುವ ತೋಟೆಯ ಗಾತ್ರ); .380 ಮತ್ತು .455 ತೋಟೆ ಹಿಡಿಯುವ ರಿವಾಲ್ವರುಗಳು ನಮ್ಮಲ್ಲಿ ‘ಪ್ರೊಹಿಬಿಟೆಡ್ ಬೋರ್’ (ನಿಷೇಧಿತ ಗಾತ್ರ) ಎಂದು ಕರೆಯಲ್ಪಡುವ ವರ್ಗಕ್ಕೆ ಸೇರಿದ್ದು, ಅವಕ್ಕೆ ಲೈಸನ್ಸ್ ಕೊಡುವ ಅಧಿಕಾರ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗಿಲ್ಲ, ಕೇಂದ್ರ ಸರಕಾರಕ್ಕೆ ಮಾತ್ರ ಇದೆ.

‘ಸಂಗ್ರಹಕ್ಕೆ ಮಾತ್ರ’ ಎಂಬ ನಿಮ್ಮ ಮಾತು ಪ್ರಾಮಾಣಿಕವಾದದ್ದೇ, ಆದರೆ ಅದು ಅಮೆರಿಕದ ಕಾನೂನಿಗೆ ಒಪ್ಪುವಷ್ಟು ಭಾರತದ ಕಾನೂನಿಗೆ ಒಪ್ಪುವುದಿಲ್ಲ. ಅಮೆರಿಕದ 1968ರ ಬಂದೂಕು ಕಾನೂನು ತಯಾರಿಯ ವರ್ಷವನ್ನು ನೋಡುತ್ತದೆ: 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದದ್ದು ಪ್ರಾಚೀನ ವಸ್ತು, ಫೆಡರಲ್ (ಅಲ್ಲಿಯ ಕೇಂದ್ರ) ಕಾನೂನಿನ ಕಣ್ಣಿಗೆ ಅದು ಬಂದೂಕೇ ಅಲ್ಲ. ನಮ್ಮ ಕಾಯ್ದೆ ನೋಡುವುದು ವಯಸ್ಸನ್ನಲ್ಲ, ಗುಂಡು ಹಾರುವ ಸಾಮರ್ಥ್ಯವನ್ನು. ಎಷ್ಟೇ ಹಳೆಯದಾದರೂ, ದುರಸ್ತಿ ಮಾಡಿಯೋ ಮಾಡದೆಯೋ ಹಾರಿಸಬಹುದಾದರೆ ಅದು ಆಯುಧವೇ. 145 ವರ್ಷ ಹಳೆಯ ಕೋಲ್ಟ್ ಒಂದು ಬೆಡ್‌ಫರ್ಡ್‌ನಲ್ಲಿ ಗಡಿಯಾರದಂತೆ ಕೈಬದಲಾಗಬಹುದು, ಪೆರ್ಲದಲ್ಲಿ ಅದೇ ವಸ್ತು ಲೈಸನ್ಸಿಲ್ಲದ ಆಯುಧವಾಗುತ್ತದೆ.

ಇನ್ನು ಹುಡುಗನ ವಿಷಯ. ನಾಲ್ಕು ವರ್ಷವೆಂದರೆ ಅವನು ಉದ್ಯೋಗದ ವೀಸಾದಲ್ಲಿಯೇ ಇರುವ ಸಂಭವ ಹೆಚ್ಚು. ಹಾಗಿದ್ದರೆ ಬೇಟೆಯ ಲೈಸನ್ಸ್ ಪಡೆದಿರುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟು ಅವನು ಅಲ್ಲಿ ಬಂದೂಕನ್ನಾಗಲಿ ತೋಟೆಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. 1898ರ ಗೆರೆಯಿಂದ ಹಿಂದಿನ ವಸ್ತುವಿಗೆ ಫೆಡರಲ್ ಕಾನೂನಿನ ಈ ನಿರ್ಬಂಧ ತಟ್ಟುವುದಿಲ್ಲವಾದುದರಿಂದ ಅವನು ಕೊಳ್ಳುವುದಾದರೆ ಅದನ್ನೇ ಕೊಳ್ಳಲಿ. ಆ ಗೆರೆಯಿಂದ ಈಚಿನದಾದರೆ ಲೈಸನ್ಸ್ ಪಡೆದ ವ್ಯಾಪಾರಿಯ ಮುಂದೆ 4473 ಎಂಬ ನಮೂನೆಯನ್ನು ತುಂಬಿ ಹಿನ್ನೆಲೆ ತಪಾಸಣೆಗೆ ಒಳಗಾಗಬೇಕು. ಆ ನಮೂನೆಯಲ್ಲಿ ‘ನಿಜವಾಗಿ ಕೊಳ್ಳುತ್ತಿರುವವರು ನೀವೇ ಹೌದೇ’ ಎಂಬ ಪ್ರಶ್ನೆಯಿದೆ. ನೀವು ಕಳುಹಿಸಿದ ಹಣದಿಂದ ನಿಮಗಾಗಿ ಕೊಂಡು ಅವನು ‘ನಾನೇ’ ಎಂದು ಬರೆದರೆ ಅದು ಅಲ್ಲಿ ಅಪರಾಧ. ನಮ್ಮಲ್ಲಿ ಅಣ್ಣನ ಹಣದಲ್ಲಿ ತಮ್ಮ ಜೀಪು ಕೊಂಡಷ್ಟು ಸಲೀಸಲ್ಲ ಇದು. ಆದುದರಿಂದ ಹಣ ಕಳುಹಿಸಬೇಡಿ. ಅವನಿಗೆ ಆಸಕ್ತಿಯಿದ್ದರೆ ಅವನ ಹಣದಿಂದ, ಅವನ ಸಂಗ್ರಹಕ್ಕೆ, ಅಲ್ಲಿಯೇ ಇರುವಂತೆ ಕೊಳ್ಳಲಿ. ಆಯ್ಕೆಯ ಸಂತೋಷದಲ್ಲಿ ನೀವೂ ಪಾಲುಗೊಳ್ಳಬಹುದು.

ಆಯ್ಕೆಯಲ್ಲಿ ನೋಡಬೇಕಾದದ್ದು ಬಹಳವಿದೆ. ಬೆಡ್‌ಫರ್ಡ್‌ನಲ್ಲಿ ಏಲಂ ನಡೆಸುವ ರಾಕ್ ಐಲ್ಯಾಂಡ್ ಆಕ್ಷನ್ ಕಂಪನಿ 1993ರಲ್ಲಿ ಇಲಿನಾಯ್ ರಾಜ್ಯದಲ್ಲಿ ಆರಂಭವಾಗಿ 2023ರಲ್ಲಿ ಟೆಕ್ಸಾಸಿನಲ್ಲಿ ನೆಲೆಯೂರಿದ ಸಂಸ್ಥೆ. ಇಂಥ ದೊಡ್ಡ ಏಲಂ ಹಲವು ದಿನ ನಡೆಯುತ್ತದೆ, ಲಾಟುಗಳು (ಒಂದೊಂದಾಗಿ ಸವಾಲಿಗಿಡುವ ವಸ್ತುಗಳು) ಸಾವಿರಗಟ್ಟಲೆ ಇರುತ್ತವೆ, ಕ್ಯಾಟಲಾಗು ಮುಂಚಿತವಾಗಿಯೇ ಸಿಗುತ್ತದೆ. ಸವಾಲು ಕೂಗುವ ದಿನಕ್ಕಿಂತ ಮುಖ್ಯವಾದದ್ದು ಅದಕ್ಕೆ ಮೊದಲಿನ ವೀಕ್ಷಣೆಯ ದಿನ. ಅಂದು ಕೈಯಲ್ಲಿ ಹಿಡಿದು ನೋಡಬಹುದು.

ಕೋಲ್ಟ್‌ನ 1873ರ ‘ಸಿಂಗಲ್ ಆಕ್ಷನ್ ಆರ್ಮಿ’ ಮಾದರಿಯಾದರೆ ಚೌಕಟ್ಟು, ಕುದುರೆಯ (ಟ್ರಿಗರಿನ) ಕಾಪು, ಹಿಡಿಯ ಬೆನ್ನುಪಟ್ಟಿ ಈ ಮೂರರಲ್ಲಿಯೂ ಒಂದೇ ಕ್ರಮಸಂಖ್ಯೆ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಎರಡು ಮೂರು ರಿವಾಲ್ವರುಗಳ ಬಿಡಿಭಾಗಗಳನ್ನು ಕೂಡಿಸಿ ಒಂದು ಮಾಡಿದ್ದಾರೆಂದು ಅರ್ಥ. ತಯಾರಿಯ ವರ್ಷವನ್ನು ಹೇಳುವುದೂ ಆ ಸಂಖ್ಯೆಯೇ. ನೀಲಿಗಪ್ಪು ಮೆರುಗು ಹೊಸದರಂತೆ ಹೊಳೆಯುತ್ತಿದ್ದು, ಅಕ್ಷರಗಳ ಅಂಚು ಸವೆದು ಮಸುಕಾಗಿದ್ದರೆ ಯಾರೋ ಉಜ್ಜಿ ಮತ್ತೆ ಬಣ್ಣ ಏರಿಸಿದ್ದಾರೆ. ನಮ್ಮ ಮನೆಗಳಲ್ಲಿ ಹಳೆಯ ಹಿತ್ತಾಳೆಯನ್ನು ಹುಣಿಸೆಹುಳಿ ಹಾಕಿ ತಿಕ್ಕಿದರೆ ಬೆಲೆ ಏರುತ್ತದೆಂದು ತಿಳಿಯುವವರಿದ್ದಾರೆ. ಸಂಗ್ರಾಹಕರ ಲೋಕದಲ್ಲಿ ಇದು ತಲೆಕೆಳಗು, ಮೂಲದ ಮಾಸಿದ ಮೆರುಗಿಗೇ ಹೆಚ್ಚು ಬೆಲೆ. ವೆಬ್ಲಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅಮೆರಿಕಕ್ಕೆ ಹೋದ .455 ವೆಬ್ಲಿಗಳಲ್ಲಿ ಬಹಳಷ್ಟರ ಸಿಲಿಂಡರಿನ ಹಿಂಬದಿಯನ್ನು, ಅಲ್ಲಿ ಸುಲಭವಾಗಿ ಸಿಗುವ .45 ತೋಟೆ ಹಿಡಿಯಲೆಂದು, ಕೆತ್ತಿಹಾಕಿದ್ದಾರೆ. ಹಾಗೆ ಕೆತ್ತಿದವುಗಳ ಬೆಲೆ ಇಳಿಯುವುದಲ್ಲದೆ, ಆ ತೋಟೆಯ ಒತ್ತಡ ಹಳೆಯ ಉಕ್ಕಿಗೆ ಹೆಚ್ಚಾಗುವುದರಿಂದ ಹಾರಿಸುವುದೂ ಅಪಾಯಕರ. ನೆನಪಿಡಿ, 1887ರಲ್ಲಿ ಬಂದ ಮಾರ್ಕ್ 1 ಮಾದರಿ 1898ರ ಗೆರೆಯಿಂದ ಹಿಂದಿನದು, ಮೊದಲನೆಯ ಮಹಾಯುದ್ಧದ ಮಾರ್ಕ್ 6 ಬಂದದ್ದು 1915ರಲ್ಲಿ. ಹೆಸರು ಒಂದೇ ಆದರೂ ನಿಮ್ಮ ಹುಡುಗನಿಗೆ ಒಂದು ನಿರಾತಂಕ, ಇನ್ನೊಂದು ನಿಷಿದ್ಧ.

ಕಬ್ಬಿಣಕ್ಕಿಂತ ಕಾಗದಕ್ಕೆ ಬೆಲೆ ಹೆಚ್ಚು ಎಂದರೆ ಅತಿಶಯೋಕ್ತಿಯಲ್ಲ. 2021ರಲ್ಲಿ ಬಾನ್‌ಹ್ಯಾಮ್ಸ್ ಸಂಸ್ಥೆಯ ಏಲಮಿನಲ್ಲಿ 60 ಲಕ್ಷ ಡಾಲರಿಗೂ ಮಿಕ್ಕಿ ಹೋದ ಕೋಲ್ಟ್, ನೋಡಲು ಸಾಧಾರಣವಾದದ್ದು. ಶೆರಿಫ್ ಪ್ಯಾಟ್ ಗ್ಯಾರೆಟ್ 1881ರಲ್ಲಿ ಕುಖ್ಯಾತ ಪಾತಕಿ ಬಿಲ್ಲಿ ದಿ ಕಿಡ್‌ನನ್ನು ಕೊಂದದ್ದು ಅದರಿಂದಲೇ ಎಂಬುದಕ್ಕೆ ದಾಖಲೆಗಳ ಸರಣಿಯಿದ್ದುದೇ ಆ ಬೆಲೆಗೆ ಕಾರಣ. ನಿಮ್ಮ ಮಟ್ಟಕ್ಕೆ ಬೇಕಾದದ್ದು ಕೋಲ್ಟ್ ಕಂಪನಿಯ ದಫ್ತರದಿಂದ ಬರುವ ಪತ್ರ. ಆ ಸಂಖ್ಯೆಯ ರಿವಾಲ್ವರ್ ಯಾವ ದಿನ, ಎಷ್ಟು ಉದ್ದದ ನಳಿಗೆಯೊಂದಿಗೆ, ಯಾವ ಅಂಗಡಿಗೆ ಹೋಯಿತು ಎಂಬುದು ಅದರಲ್ಲಿರುತ್ತದೆ. ಪತ್ರದಲ್ಲಿರುವ ಅಳತೆ ವಸ್ತುವಿನ ಅಳತೆಗೆ ತಾಳೆಯಾಗದಿದ್ದರೆ ಮುಂದಿನ ಲಾಟಿಗೆ ಹೋಗಲಿ.

ಬೆಲೆಯ ಲೆಕ್ಕವನ್ನು ಮನೆಯಲ್ಲಿಯೇ ಮಾಡಿಕೊಂಡು ಹೋಗಬೇಕು. ಸವಾಲು 5,000 ಡಾಲರಿಗೆ ನಿಂತಿತೆಂದುಕೊಳ್ಳಿ. ಕೊಳ್ಳುವವನು ಏಲಂ ಸಂಸ್ಥೆಗೆ ಕೊಡಬೇಕಾದ ಕಮಿಷನ್ ಶೇಕಡಾ 20 ಆಗಿದ್ದರೆ 6,000 ಆಯಿತು, ಅದರ ಮೇಲೆ ಟೆಕ್ಸಾಸಿನ ಗರಿಷ್ಠ ಮಾರಾಟ ತೆರಿಗೆ ಶೇಕಡಾ 8.25 ಸೇರಿ 6,495. ಕಮಿಷನಿನ ದರ ಸಂಸ್ಥೆಯಿಂದ ಸಂಸ್ಥೆಗೆ, ಪಾವತಿಯ ರೀತಿಯಿಂದ ರೀತಿಗೆ ಬದಲಾಗುತ್ತದೆ. ಕ್ಯಾಟಲಾಗಿನ ಸಣ್ಣ ಅಕ್ಷರಗಳಲ್ಲಿ ಅದು ಇರುತ್ತದೆ. ನಮ್ಮ ಜಾತ್ರೆಗಳಲ್ಲಿ ದೇವರಿಗೆ ಬಂದ ಹಲಸಿನಹಣ್ಣನ್ನು ಏಲಂ ಕೂಗುವಾಗ ಹುರುಪಿನಿಂದ ಬೆಲೆ ಏರಿಸುವ ಅಭ್ಯಾಸ ನಮಗಿದೆ, ಅಲ್ಲಿ ಏರಿದ ಹಣ ದೇವರಿಗೆ ಸಲ್ಲುತ್ತದೆ, ಇಲ್ಲಿ ಹಾಗಲ್ಲ. ಸ್ಥಳದಲ್ಲಿ ತಾಳ್ಮೆ ಉಳಿಯಲಾರದೆಂಬ ಅನುಮಾನವಿದ್ದರೆ ಗರಿಷ್ಠ ಮೊತ್ತವನ್ನು ಮೊದಲೇ ಬರೆದುಕೊಟ್ಟು ಗೈರುಹಾಜರಿಯಲ್ಲಿ ಸವಾಲು ಹಾಕುವ ವ್ಯವಸ್ಥೆಯೂ ಇದೆ.

ಪ್ರಶ್ನೆ: ಹಳೆಯ ಮನೆ ಕೆಡವುವಾಗ ಅಟ್ಟದಲ್ಲಿ ತುಕ್ಕು ಹಿಡಿದ ರಿವಾಲ್ವರ್ ಒಂದು ಸಿಕ್ಕಿದೆ. ಕುದುರೆ ಅಲುಗಾಡುವುದಿಲ್ಲ. ಇಂಥ ಏಲಮಿಗೆ ಕಳುಹಿಸಬಹುದೇ, ಅಥವಾ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಎರಡೂ ಈಗ ಬೇಡ. ದುರಸ್ತಿ ಮಾಡಿದರೂ ಬಳಸಲಾಗದ ಹಳೆಯ ಆಯುಧಕ್ಕೆ ಕಾಯ್ದೆಯ 45ನೆಯ ಸೆಕ್ಷನ್ ವಿನಾಯಿತಿ ಕೊಡುತ್ತದೆ, ಆದರೆ ಅದು ಆ ಸ್ಥಿತಿಯಲ್ಲಿದೆಯೆಂದು ನೀವೇ ತೀರ್ಮಾನಿಸಿಕೊಳ್ಳುವುದು ಕ್ಷೇಮವಲ್ಲ. ತುಕ್ಕು ತೆಗೆಯಲು, ಕುದುರೆ ಎಳೆಯಲು ಹೋಗಬೇಡಿ, ಒಳಗೆ ತೋಟೆ ಇದ್ದೀತು. ಇದ್ದಲ್ಲಿಯೇ ಬಿಟ್ಟು, ಮನೆ ಕೆಡವಿದ ಕೆಲಸಗಾರರಲ್ಲಿ ಇಬ್ಬರನ್ನು ಸಾಕ್ಷಿಗಿರಿಸಿಕೊಂಡು ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ರಶೀದಿ ಪಡೆಯಿರಿ. ಮನೆಯ ಹಿರಿಯರ ಹೆಸರಿನಲ್ಲಿ ಹಳೆಯ ಲೈಸನ್ಸ್ ಪುಸ್ತಕ ಸಿಕ್ಕಿದರೆ ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ವಾರಸುದಾರರ ಹೆಸರಿಗೆ ಲೈಸನ್ಸ್ ಕೇಳಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ.