ಓದುಗರ ಪ್ರಶ್ನೆ: ಕೌಂಟಿ ಜಾಗ ಮಾರಾಟಕ್ಕೆ ಬಂದಾಗ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆಯ ಹಿಂದೆ ಕೌಂಟಿಗೆ (ಜಿಲ್ಲಾಡಳಿತಕ್ಕೆ) ಸೇರಿದ ಎರಡು ಎಕರೆ ಮೈದಾನವಿದೆ. ಅದನ್ನು ಮಾರುತ್ತಾರಂತೆ. ಪಾರ್ಕ್ ಆಗಿ ಉಳಿಸಿಕೊಳ್ಳಬೇಕೆಂಬುದು ಸುತ್ತಲಿನವರೆಲ್ಲರ ಆಸೆ. ಹರಾಜಿನ ದಿನ ಸಭೆಗೆ ಹೋಗಿ ಮಾತಾಡಿದರೆ ಸಾಕೆ?

ಉತ್ತರ: ಸಾಲದು. ಹರಾಜಿನ ಹೊತ್ತಿಗೆ ನಿಮಗೆ ಬೇಕಾದ ಬಾಗಿಲು ಮುಚ್ಚಿರುತ್ತದೆ. ಅಲ್ಲಿನ ಸರ್‌ಪ್ಲಸ್ ಲ್ಯಾಂಡ್ ಆಕ್ಟ್ (ಹೆಚ್ಚುವರಿ ಭೂಮಿ ಕಾಯ್ದೆ) ಪ್ರಕಾರ ಕೌಂಟಿ ಮೊದಲು ಸಾರ್ವಜನಿಕ ಸಭೆಯಲ್ಲಿ 'ಈ ಜಾಗ ನಮಗೆ ಬೇಕಿಲ್ಲ' ಎಂದು ಘೋಷಿಸಬೇಕು. ಆಮೇಲೆ ಕಡಿಮೆ ಆದಾಯದವರಿಗೆ ಮನೆ ಕಟ್ಟುವ ಸಂಸ್ಥೆಗಳಿಗೆ, ಪಾರ್ಕ್ ಇಲಾಖೆಗಳಿಗೆ, ಶಾಲಾ ಜಿಲ್ಲೆಗೆ ನೋಟಿಸ್ ಹೋಗುತ್ತದೆ. ಆಸಕ್ತಿ ಇದ್ದವರು 60 ದಿನದೊಳಗೆ ಬರೆದು ತಿಳಿಸಬೇಕು. ತಿಳಿಸಿದವರ ಜೊತೆ ಕೌಂಟಿ ಕನಿಷ್ಠ 90 ದಿನ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು.

ಎಡವುವುದು ಇಲ್ಲೇ. ನಿವಾಸಿಗಳು ನೂರು ಸಹಿ ಹಾಕಿ ಕೊಟ್ಟ ಮನವಿ ಈ 60 ದಿನದ ಲೆಕ್ಕಕ್ಕೆ ಬರುವುದಿಲ್ಲ. ಪತ್ರ ನಗರದ ಪಾರ್ಕ್ ಇಲಾಖೆಯಿಂದಲೋ ಪ್ರಾದೇಶಿಕ ಪಾರ್ಕ್ ಪ್ರಾಧಿಕಾರದಿಂದಲೋ ಹೋಗಬೇಕು. ಹಾಗಾಗಿ ನಿಮ್ಮ ಒತ್ತಾಯವೆಲ್ಲ ಮೊದಲು ಅವರ ಮೇಲಿರಲಿ. ಜೊತೆಗೆ ಜಾಗದ ಪಾರ್ಸೆಲ್ ನಂಬರನ್ನು (ನಮ್ಮ ಸರ್ವೆ ನಂಬರಿನಂಥದು) ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಅಸೆಸರ್ ಕಚೇರಿಯಲ್ಲಿ ತೆಗೆದುಕೊಂಡು, ಜನರಲ್ ಪ್ಲಾನ್ (ಭೂಬಳಕೆಯ ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಅದನ್ನು ಯಾವುದಕ್ಕೆ ಗುರುತಿಸಿದ್ದಾರೆ ನೋಡಿ. ಸಾಮಾನ್ಯವಾಗಿ ಮೊದಲ ಆದ್ಯತೆ ವಸತಿಗೆ. ಆದರೆ ಜಾಗ ಈಗಾಗಲೇ ಪಾರ್ಕ್ ಆಗಿ ಬಳಕೆಯಲ್ಲಿದ್ದು ಹಾಗೇ ಮುಂದುವರಿಯುವುದಾದರೆ, ಅಥವಾ ಪ್ಲಾನಿನಲ್ಲಿ ಪಾರ್ಕ್ ಎಂದೇ ಇದ್ದು ಅದಕ್ಕಾಗಿಯೇ ಅಭಿವೃದ್ಧಿಯಾಗುವುದಾದರೆ, ಆದ್ಯತೆ ಪಾರ್ಕಿಗೆ ತಿರುಗುತ್ತದೆ. ಆ ನಕ್ಷೆಯ ಒಂದು ಪ್ರತಿ ನೂರು ಸಹಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೆಲವು ಜಾಗಗಳನ್ನು 'ವಿನಾಯಿತಿ ಪಡೆದ ಹೆಚ್ಚುವರಿ ಭೂಮಿ' ಎಂದು ಘೋಷಿಸಿ ನೋಟಿಸ್, ಮಾತುಕತೆಯ ಈ ಹಂತವನ್ನೇ ದಾಟಿಬಿಡುತ್ತಾರೆ. ಅದಕ್ಕೆ ಕಾರಣವನ್ನು ಬರಹದಲ್ಲಿ ಕೊಡಲೇಬೇಕು. ಆ ಕಾರಣ ನಿಮ್ಮ ಜಾಗಕ್ಕೆ ಹೊಂದುತ್ತದೆಯೇ ಎಂದು ಓದಿ ನೋಡಿ.

ಮಾತುಕತೆ ಮುರಿದುಬಿದ್ದರೆ ಮಾರಾಟ. ಸಾಮಾನ್ಯ ವಿಧಾನದಲ್ಲಿ ಮಾರುವ ಉದ್ದೇಶದ ಠರಾವಿಗೆ ಮೂರನೇ ಎರಡರಷ್ಟು ಮತ ಬೇಕು. ಕೌಂಟಿಯನ್ನು ನಡೆಸುವ ಐವರು ಚುನಾಯಿತ ಸೂಪರ್‌ವೈಸರ್‌ಗಳ ಮಂಡಳಿಯಲ್ಲಿ ಅದು ನಾಲ್ಕು ಮತ, ಅಂದರೆ ಇಬ್ಬರು ಒಪ್ಪದಿದ್ದರೆ ಠರಾವು ಬೀಳುತ್ತದೆ. ಠರಾವಾಗಿ ಕನಿಷ್ಠ ಮೂರು ವಾರದ ಮೇಲೆ ಲಿಖಿತ ಬಿಡ್ಡುಗಳಿರುವ ಮುಚ್ಚಿದ ಲಕೋಟೆಗಳನ್ನು ಒಡೆಯುತ್ತಾರೆ. ಅಲ್ಲೇ ಬಾಯಿಮಾತಿನಲ್ಲಿ ಬಿಡ್ ಕೂಗುವವರು ಅತಿ ಹೆಚ್ಚಿನ ಲಿಖಿತ ಬಿಡ್ಡಿಗಿಂತ ಕನಿಷ್ಠ ಶೇ. 5ರಷ್ಟು ಮೇಲೆ ಹೋಗಬೇಕು.

ಪ್ರಶ್ನೆ: ಇಂಥ ವಿಷಯ ಮುಂಚೆ ತಿಳಿಯುವುದು ಹೇಗೆ?

ಉತ್ತರ: ಅಜೆಂಡಾದಿಂದ. 1953ರ ಬ್ರೌನ್ ಆಕ್ಟ್ (ಸ್ಥಳೀಯ ಸಂಸ್ಥೆಗಳ ಸಭೆ ಜನರಿಗೆ ತೆರೆದಿರಬೇಕೆನ್ನುವ ಕಾನೂನು) ಪ್ರಕಾರ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲು, ವಿಶೇಷ ಸಭೆಯದು 24 ಗಂಟೆ ಮೊದಲು ಹೊರಬೀಳಬೇಕು. ಎರಡು ಕಡೆ ಕಣ್ಣಿಡಿ. ಒಂದು, ಕನ್ಸೆಂಟ್ ಕ್ಯಾಲೆಂಡರ್: ಚರ್ಚೆಯಿಲ್ಲದೆ ಹತ್ತಾರು ವಿಷಯಗಳು ಒಂದೇ ಮತದಲ್ಲಿ ಪಾಸಾಗುವ ಪಟ್ಟಿ ಇದು. ನಿಮ್ಮ ವಿಷಯ ಅದರಲ್ಲಿದ್ದರೆ, ಪ್ರತ್ಯೇಕವಾಗಿ ಚರ್ಚೆಗೆ ತೆಗೆಯಿರಿ ಎಂದು ನಿಮ್ಮ ಸೂಪರ್‌ವೈಸರ್ ಕಚೇರಿಗೆ ಸಭೆಯ ಹಿಂದಿನ ದಿನವೇ ಕೇಳಿ. ಇನ್ನೊಂದು, ಕ್ಲೋಸ್ಡ್ ಸೆಷನ್. ಆಸ್ತಿಯ ಬೆಲೆ ಮತ್ತು ಹಣ ಪಾವತಿಯ ಷರತ್ತುಗಳನ್ನು ಮುಚ್ಚಿದ ಕೋಣೆಯಲ್ಲಿ ಚರ್ಚಿಸಬಹುದು, ಆದರೆ ಯಾವ ಆಸ್ತಿ, ಯಾರ ಜೊತೆ ಎಂಬುದನ್ನು ಮೊದಲೇ ಹೇಳಬೇಕು. ಎಷ್ಟೋ ಸಲ ಮಾರಾಟದ ಮೊದಲ ಸುಳಿವು ಸಿಗುವುದು ಆ ಒಂದು ಸಾಲಿನಲ್ಲಿ.

ಪ್ರಶ್ನೆ: ನಮ್ಮ ತಾಯಿಗೆ ಇಂಗ್ಲಿಷ್ ಬಾರದು. ಅವರು ಸಭೆಯಲ್ಲಿ ಕನ್ನಡದಲ್ಲಿ ಮಾತಾಡಬಹುದೆ?

ಉತ್ತರ: ಖಂಡಿತ. ಪಕ್ಕದಲ್ಲಿ ನಿಂತು ನೀವು ಅನುವಾದಿಸಿದರೆ ಅವರಿಗೆ ದುಪ್ಪಟ್ಟು ಸಮಯ ಕೊಡಬೇಕು. ಉಳಿದವರಿಗೆ ಎರಡು ನಿಮಿಷವಾದರೆ ಅವರಿಗೆ ನಾಲ್ಕು. ಇದನ್ನು ಸಭೆಗೆ ಮುಂಚೆಯೇ ಮಂಡಳಿಯ ಕ್ಲರ್ಕಿಗೆ ತಿಳಿಸಿಡಿ, ಇಲ್ಲದಿದ್ದರೆ ಗಡಿಯಾರ ಎರಡೇ ನಿಮಿಷಕ್ಕೆ ಬಡಿದುಬಿಡುತ್ತದೆ.

ಪ್ರಶ್ನೆ: ಕೌಂಟಿ ಕ್ಲಿನಿಕ್ ಮುಚ್ಚುವುದಕ್ಕೂ ಇಂಥ ನಿಯಮ ಇದೆಯೆ?

ಉತ್ತರ: ಇದೆ. ಸಾರ್ವಜನಿಕ ವಿಚಾರಣೆಗೆ ಕನಿಷ್ಠ 14 ದಿನ ಮೊದಲು ಕ್ಲಿನಿಕ್ಕುಗಳ ಬಾಗಿಲಲ್ಲೇ ನೋಟಿಸ್ ಅಂಟಿಸಬೇಕು. ಯಾವ ಸೇವೆ ಕಡಿತ, ಎಷ್ಟು ಉಳಿತಾಯ, ಎಷ್ಟು ಜನರಿಗೆ ತೊಂದರೆ ಎಂಬುದು ಅದರಲ್ಲಿರಬೇಕು. ಆ ಹಾಳೆಯ ಫೋಟೊವನ್ನು ಅಂಟಿಸಿದ ದಿನವೇ ತೆಗೆದಿಟ್ಟುಕೊಳ್ಳಿ.