ಹಳೇ ಹಚ್ಚೆಯ ಮೇಲೆ ಹೊಸ ಹಚ್ಚೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಹನ್ನೆರಡು ವರ್ಷದ ಹಿಂದೆ ಜಾತ್ರೆಯಲ್ಲಿ ಮುಂಗೈ ಮೇಲೆ ಕಪ್ಪು ಹಚ್ಚೆಯಲ್ಲಿ ಒಂದು ಹೆಸರು ಹಾಕಿಸಿಕೊಂಡಿದ್ದೆ. ಅದರ ಮೇಲೆ ಕಾಫಿ ರೆಂಬೆ, ಕೆಂಪು ಹಣ್ಣು ಬರೆಸುವ ಆಸೆ. ಟ್ಯಾಟೂ ಹಾಕುವವರು ‘ಮೊದಲು ಲೇಸರ್ ಮಾಡಿಸಿಕೊಂಡು ಬನ್ನಿ’ ಅಂತಾರೆ. ಪೂರ್ತಿ ತೆಗೆಸಬೇಕಾ? ತೋಟದ ಕೆಲಸ ಬಿಡಬೇಕಾ?
– ಓದುಗರು, ಮೂಡಿಗೆರೆ

ಉತ್ತರ: ಪೂರ್ತಿ ತೆಗೆಸಬೇಕಿಲ್ಲ. ಹಚ್ಚೆಯ ಬಣ್ಣ ಗೋಡೆಗೆ ಬಳಿಯುವ ಪೇಂಟ್ ಅಲ್ಲ, ಹಳೆಯದನ್ನು ಮುಚ್ಚುವುದಿಲ್ಲ. ಎರಡೂ ಚರ್ಮದ ಒಂದೇ ಪದರದಲ್ಲಿ ಕೂತು ಒಟ್ಟಿಗೇ ಕಾಣುತ್ತವೆ. ಕಪ್ಪಿನ ಮೇಲೆ ಹಣ್ಣಿನ ಕೆಂಪು ತುಂಬಿದರೆ ಕಾಣುವುದು ಕೊಳೆಗಂದು. ಲೇಸರ್ ಇಲ್ಲದೆ ಮುಚ್ಚಬೇಕೆಂದರೆ ಹೊಸ ಚಿತ್ರ ಹಳೆಯದರ ಎರಡು ಮೂರು ಪಟ್ಟು ದೊಡ್ಡದಿರಬೇಕು, ಅದಕ್ಕಿಂತ ಕಪ್ಪಗೂ ಇರಬೇಕು. ಲೇಸರ್‌ನಿಂದ ಹಳೆಯ ಕಪ್ಪು ತೆಳು ಬೂದಿಗೆ ಇಳಿದರೆ ಸಾಕು, ನಿಮ್ಮ ರೆಂಬೆಗೆ ಜಾಗ ಸಿಗುತ್ತದೆ.

ಆದ್ದರಿಂದ ಮೊದಲು ಚಿತ್ರ, ಆಮೇಲೆ ಲೇಸರ್. ಹೊಸ ಚಿತ್ರವನ್ನು ಹಳೆಯದರ ಮೇಲಿಟ್ಟು ಬರೆಸಿ, ಆ ಹಾಳೆಯನ್ನು ಚರ್ಮವೈದ್ಯರಿಗೆ ತೋರಿಸಿ. ದಟ್ಟ ಎಲೆಯ ಕೆಳಗೆ ಬರುವ ಅಕ್ಷರವನ್ನು ಹಾಗೇ ಬಿಡಬಹುದು. ಕೆಂಪು ಹಣ್ಣು ಬರುವ ಕಡೆ ಮಾತ್ರ ಚೆನ್ನಾಗಿ ತಿಳಿಯಾಗಬೇಕು. ಈ ಒಂದು ಕೆಲಸ ಮಾಡದೆ ಹೋಗಿ ದುಡ್ಡು, ನೋವು ಎರಡನ್ನೂ ದುಪ್ಪಟ್ಟು ಮಾಡಿಕೊಳ್ಳುವವರೇ ಹೆಚ್ಚು.

ಕಪ್ಪು ಬಣ್ಣಕ್ಕೆ, ಅದರಲ್ಲೂ ನಮ್ಮ ಗೋಧಿ, ಕಂದು ಮೈಬಣ್ಣಕ್ಕೆ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರ್‌ನ 1064 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಸರಿ. ಆ ಅಲೆಯನ್ನು ಮೈಬಣ್ಣದ ಮೆಲನಿನ್ ಕಡಿಮೆ ಹೀರುತ್ತದೆ. ಲೇಸರ್ ಬಣ್ಣವನ್ನು ಅಳಿಸುವುದಿಲ್ಲ, ಕಣಗಳನ್ನು ಪುಡಿ ಮಾಡುತ್ತದೆ. ಪುಡಿಯನ್ನು ಹೊತ್ತೊಯ್ಯುವುದು ದೇಹದ ರಕ್ಷಕ ಜೀವಕೋಶಗಳು, ಅವುಗಳಿಗೆ ವಾರಗಟ್ಟಲೆ ಸಮಯ ಬೇಕು. ಅದಕ್ಕೇ ಸಿಟ್ಟಿಂಗ್‌ಗಳ (ಒಂದೊಂದು ಸಲದ ಲೇಸರ್ ಚಿಕಿತ್ಸೆಯ) ನಡುವೆ 6ರಿಂದ 8 ವಾರ ಅಂತರ. ತಿಂಗಳಿಗೊಂದು ಮಾಡಿಸಿದರೆ ಬೇಗ ಹೋಗುತ್ತದೆ ಎನ್ನುವುದು ತಪ್ಪು ಲೆಕ್ಕ, ಗುಳ್ಳೆ, ಕಲೆ ಹೆಚ್ಚುತ್ತವೆ ಅಷ್ಟೆ. ಮುಚ್ಚಿಸುವ ಮಟ್ಟಿಗೆ ತಿಳಿಯಾಗಲು ಸಾಮಾನ್ಯವಾಗಿ 2ರಿಂದ 4 ಸಿಟ್ಟಿಂಗ್ ಸಾಕು. ಜಾತ್ರೆ ಹಚ್ಚೆಯಲ್ಲಿ ಬಣ್ಣ ಕಡಿಮೆ ಇರುವುದು ಅನುಕೂಲ, ಆದರೆ ಸೂಜಿ ಒಂದೊಂದು ಕಡೆ ಒಂದೊಂದು ಆಳಕ್ಕೆ ಇಳಿದಿರುವುದರಿಂದ ಒಂದಕ್ಷರ ಮಾಯವಾಗಿ ಪಕ್ಕದ್ದು ಹಟ ಹಿಡಿಯಬಹುದು.

ಲೇಸರ್ ಹೊಡೆದ ಕೂಡಲೇ ಜಾಗ ಬೆಳ್ಳಗಾಗುತ್ತದೆ, ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಹೆದರಬೇಡಿ. ಮೊದಲ ಮೂರು ದಿನದಲ್ಲಿ ನೀರ್ಗುಳ್ಳೆ ಏಳುವುದೂ ಮಾಮೂಲು. ಒಡೆಯಬೇಡಿ. ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಗಾಜ್ ಸುತ್ತಿ. ಅರಿಸಿನ, ಲೋಳೆಸರ ಹಚ್ಚುವ ಉಪಚಾರ ಬೇಡ. ಕೀವು, ಜ್ವರ, ಹರಡುವ ಕೆಂಪು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.

ತೋಟದ ಕೆಲಸ ಬಿಡಬೇಕಿಲ್ಲ, ಬಿಸಿಲು ತಪ್ಪಿಸಬೇಕು. ಬಿಸಿಲಿಗೆ ಕಪ್ಪಾದ ಚರ್ಮಕ್ಕೆ ಲೇಸರ್ ಹೊಡೆದರೆ ಶಾಖ ಮೆಲನಿನ್‌ಗೂ ತಾಗಿ ಬಿಳಿ ಮಚ್ಚೆ ಉಳಿಯುವ ಅಪಾಯವಿದೆ. ಮಲೆನಾಡಿನ ಮಳೆಗಾಲ ಇದಕ್ಕೆ ಅನುಕೂಲ: ಜೂನ್, ಆಗಸ್ಟ್, ಅಕ್ಟೋಬರ್‌ಗೆ ಮೂರು ಸಿಟ್ಟಿಂಗ್. ಒಂದೇ ತೊಡಕು, ಒದ್ದೆ ಜರ್ಕಿನ್ ತೋಳಿನೊಳಗೆ ಗಾಯ ನೆನೆದು ಕೊಳೆಯುತ್ತದೆ. ಪ್ರತಿ ಸಿಟ್ಟಿಂಗ್ ಆದ ಮೊದಲ ವಾರ ತೋಟಕ್ಕೆ ಇಳಿಯದಿದ್ದರೆ ಒಳ್ಳೆಯದು. ಕೊನೆಯ ಸಿಟ್ಟಿಂಗ್ ಆಗಿ ಕನಿಷ್ಠ 8 ವಾರ, ಸಾಧ್ಯವಿದ್ದರೆ 12 ವಾರ ಬಿಟ್ಟು ಹೊಸ ಹಚ್ಚೆ. ಅಷ್ಟರಲ್ಲಿ ಬಣ್ಣ ಇನ್ನಷ್ಟು ಇಳಿದಿರುತ್ತದೆ. ಕೊಯ್ಲಿನ ಮಧ್ಯೆ ಹಾಕಿಸಬೇಡಿ, ಹಣ್ಣು ಬಿಡಿಸುವಾಗ ರೆಂಬೆ ಗೀಚುತ್ತದೆ.

ಹಚ್ಚೆಯ ಮೇಲೆ ಬೆರಳಾಡಿಸಿ ನೋಡಿ. ಗೆರೆ ಉಬ್ಬಿದ್ದರೆ ಅದು ಗಾಯದ ಕಲೆ, ಈ ಲೇಸರ್‌ಗೆ ಹೋಗದು. ಹೊಸ ಚಿತ್ರದಡಿಯೂ ಓರೆ ಬೆಳಕಿಗೆ ಹೆಸರು ಓದಲು ಬರುತ್ತದೆ. ಎಲೆಯ ನರಗಳನ್ನು ಆ ಉಬ್ಬಿನ ಮೇಲೇ ಹಾಯಿಸಲು ಹೇಳಿ.

ಪ್ರಶ್ನೆ: ನನ್ನ ಹಚ್ಚೆಯಲ್ಲಿ ಹಸಿರು, ಬಿಳಿ ಇದೆ. ಪಾರ್ಲರ್ ಒಂದರಲ್ಲಿ ಕೂದಲು ತೆಗೆಯುವ ಲೇಸರ್‌ನಲ್ಲೇ ಕಡಿಮೆ ಹಣಕ್ಕೆ ತಿಳಿ ಮಾಡಿಕೊಡುತ್ತಾರಂತೆ. ಆಗಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಬೇಡವೇ ಬೇಡ. ಹಚ್ಚೆಗೆ ನ್ಯಾನೋಸೆಕೆಂಡ್ ಅಥವಾ ಪಿಕೋಸೆಕೆಂಡಿನ ಮಿಂಚಿನ ಹೊಡೆತ ಬೇಕು. ಕೂದಲಿನ ಯಂತ್ರದ್ದು ಮಿಲಿಸೆಕೆಂಡು, ಅಂದರೆ ಅದಕ್ಕಿಂತ ಬಹಳ ದೀರ್ಘ ಹೊಡೆತ, ಅಷ್ಟು ಹೊತ್ತಿಗೆ ಶಾಖ ಸುತ್ತಲಿಗೆ ಹರಡಿ ಚರ್ಮ ಸುಡುತ್ತದೆ. ಬಿಳಿಗೆ ಬೇರೆಯೇ ಅಪಾಯ: ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಲೇಸರ್ ತಾಗಿದರೆ ಕಪ್ಪಾಗಬಹುದು. ಒಂದು ಚುಕ್ಕೆ ಜಾಗದಲ್ಲಿ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಹಸಿರು 1064 ನ್ಯಾನೋಮೀಟರ್ ಲೇಸರ್‌ಗೆ ಅಷ್ಟಾಗಿ ಜಗ್ಗದು. 755 ಅಥವಾ 694 ನ್ಯಾನೋಮೀಟರ್ ಲೇಸರ್ ಬೇಕು. ಹೊಸ ಚಿತ್ರದಲ್ಲಿ ಎಲೆಯಿದ್ದರೆ ಹಸಿರನ್ನು ಅಲ್ಲೇ ಬಳಸಿಕೊಳ್ಳುವುದು ಜಾಣತನ.

ಪ್ರಶ್ನೆ: ಸೇನಾ ಭರ್ತಿಗೆ ಹೋಗಬೇಕು. ರಟ್ಟೆಯ ಮೇಲಿನ ಹಚ್ಚೆಯನ್ನು ಮುಚ್ಚಿಸಿದರೆ ನಡೆಯುತ್ತದೆಯೇ?
– ಓದುಗರು, ಹಾಸನ

ಉತ್ತರ: ನಡೆಯದು. ಸೇನೆ ಸಾಮಾನ್ಯವಾಗಿ ಒಪ್ಪುವುದು ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗದ ಹಚ್ಚೆಯನ್ನು ಮಾತ್ರ. ಮುಚ್ಚಿಸಿದರೆ ರಟ್ಟೆಯ ಹಚ್ಚೆ ದೊಡ್ಡದಾಗುತ್ತದೆಯೇ ಹೊರತು ಹೋಗುವುದಿಲ್ಲ. ನಿಮಗೆ ಪೂರ್ತಿ ತೆಗೆಸುವುದೊಂದೇ ದಾರಿ. ಅದಕ್ಕೆ ವರ್ಷಕ್ಕೂ ಹೆಚ್ಚು ಹಿಡಿಯಬಹುದು, ರ‍್ಯಾಲಿಯ ದಿನಾಂಕ ಬಂದ ಮೇಲೆ ಹೊರಟರೆ ಮುಗಿಯದು.